ಹನಿ ಬೀಳದ ಅಂಗಳ

ಆ ಶಾಲೆಯ ಅಂಗಳದಲ್ಲಿ ಬಗ್ಗಿ ನೋಡಿದರೆ ಮುಖ ಕಾಣುತ್ತಿತ್ತು. ನಯವಾಗಿ ಉಜ್ಜಿದ ಕರಿಗಲ್ಲಿನ ಚಪ್ಪಡಿಗಳನ್ನು ನಡುವೆ ಒಂದು ಹುಲ್ಲೆಸಳು ತಲೆಯೆತ್ತಲೂ ಎಡೆಯಿಲ್ಲದಂತೆ ಕೂಡಿಸಿದ್ದರು. ಬೆಳಗಿನ ಬಿಸಿಲಿನಲ್ಲಿ ಮಕ್ಕಳು ಸಾಲಾಗಿ ನಿಂತರೆ, ಅವರ ಕಾಲಡಿಯಲ್ಲಿ ಇನ್ನೊಂದು ಸಾಲು ಮಕ್ಕಳು ತಲೆಕೆಳಗಾಗಿ ನಿಂತಂತೆ ತೋರುತ್ತಿತ್ತು. ಊರಿಗೆ ಬಂದ ದೊಡ್ಡವರನ್ನೆಲ್ಲ ಮೊದಲು ಕರೆತಂದು ತೋರಿಸುತ್ತಿದ್ದುದು ಆ ಅಂಗಳವನ್ನೇ. "ಎಲ್ಲಾದ್ರೂ ಒಂದು ಹನಿ ಎಂಜಲು ತೋರಿಸಿ, ಇವತ್ತೇ ಕೆಲಸ ಬಿಡ್ತೀನಿ," ಎನ್ನುತ್ತಿದ್ದರು ಮುಖ್ಯೋಪಾಧ್ಯಾಯಿನಿ ಕಾತ್ಯಾಯಿನಮ್ಮ. ಬಂದವರು ನಗುತ್ತಿದ್ದರು. ಹನಿಯನ್ನು ಯಾರೂ ತೋರಿಸಿರಲಿಲ್ಲ.

ಇಷ್ಟು ವರ್ಷಗಳ ಮೇಲೂ ನುಣುಪಾದ ಕಲ್ಲು ಕಂಡರೆ ನನಗೆ ಸಿಟ್ಟು ಬರುತ್ತದೆ. ದಿನ ಕಳೆದಂತೆ ಸಿಟ್ಟು ಆರುತ್ತದೆ ಎಂದು ನನಗೆ ಸಮಾಧಾನ ಹೇಳಿದವರು ಬಹಳ ಮಂದಿ. ನನ್ನದು ಆರಲಿಲ್ಲ. ಆರಲಿ ಎಂದು ನಾನು ಬಯಸಿದವಳೂ ಅಲ್ಲ.

ನಾನಾಗ ಪುರಸಭೆಯ ಹಲ್ಲಿನ ಆಸ್ಪತ್ರೆಯಲ್ಲಿ ಆರೋಗ್ಯ ಶಿಕ್ಷಕಿಯಾಗಿದ್ದೆ. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸುವುದು, ಹುಳುಕು ಹಲ್ಲಿನವರನ್ನು ಗುರುತಿಸಿ ಆಸ್ಪತ್ರೆಗೆ ಕರೆಸುವುದು ನನ್ನ ಕೆಲಸ. ನಾನು ಸ್ವಭಾವದಿಂದ ಅಂಜುಬುರುಕಿ. ಬಾಯಿಗೆ ಬಂದ ಮಾತನ್ನು ಒಳಗೇ ಎರಡು ಸಲ ಮಗುಚಿ ನೋಡಿ, ಮೂರನೆಯ ಸಲ ನುಂಗಿಬಿಡುವವಳು. ಆದರೆ ನನ್ನ ಕಣ್ಣು ಸುಮ್ಮನಿರುತ್ತಿರಲಿಲ್ಲ. ಯಾವ ಮಗು ಒಂದೇ ದವಡೆಯಲ್ಲಿ ಅಗಿಯುತ್ತದೆ, ಯಾವುದು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತದೆ ಎಂದು ಅದು ತನ್ನಷ್ಟಕ್ಕೆ ನೋಡಿಕೊಳ್ಳುತ್ತಿತ್ತು.

ಒಂದು ದಿನ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಮುಂದಿನ ಸಾಲಿನಲ್ಲಿದ್ದ ಓಬಿ ಎಂಬ ಪುಟ್ಟ ಹುಡುಗಿಯ ಹಾಲುಹಲ್ಲು ಬಿದ್ದಿತು. ಅವಳು ಹಲ್ಲನ್ನು ಅಂಗೈಯಲ್ಲಿ ಮುಚ್ಚಿಕೊಂಡಳು, ತುಟಿಯನ್ನು ಬಿಗಿಯಾಗಿ ಮುಚ್ಚಿದಳು. ತುಟಿಯಂಚಿನಲ್ಲಿ ಕೆಂಪು ಗೆರೆ ಮೂಡಿದ್ದು ಕಂಡು ನಾನು, "ಹೋಗಿ ಉಗುಳಿ ಬಾ ಪುಟ್ಟಾ," ಎಂದೆ. ಅವಳು ತಲೆಯಲ್ಲಾಡಿಸಿ ರಕ್ತವನ್ನು ನುಂಗಿದಳು. ಬಾಗಿಲಲ್ಲಿ ನಿಂತಿದ್ದ ಕಾತ್ಯಾಯಿನಮ್ಮ ಬಂದು ಅವಳ ಬೆನ್ನು ತಟ್ಟಿದರು. "ನೋಡ್ರೇ ಎಲ್ಲಾರೂ. ಹೀಗಿರ್ಬೇಕು. ನಮ್ಮ ಶಾಲೇಲಿ ಯಾರೂ ಉಗುಳಲ್ಲ."

ಆ ಶಾಲೆಗೆ ಪುರಸಭೆಯ ಶುಚಿತ್ವದ ಬಹುಮಾನ ಬಂದಿತ್ತು; ಬಂದದ್ದು ಹೀಗೆ. ಉಗುಳಿದವರು ತಮ್ಮ ಲಂಗದ ಅಂಚಿನಿಂದಲೋ ಅಂಗಿಯಿಂದಲೋ ಕಲ್ಲನ್ನು ಒರೆಸಬೇಕಿತ್ತು, ಎಲ್ಲರೆದುರು, ಮಂಡಿಯೂರಿ. ಒಮ್ಮೆ ಒರೆಸಿದ ಮಗು ಮತ್ತೆ ಉಗುಳುತ್ತಿರಲಿಲ್ಲ. ಕಬ್ಬಿನ ಸಿಪ್ಪೆ, ನೇರಳೆ ಬೀಜ, ಕೆಮ್ಮಿದಾಗ ಬಂದ ಕಫ, ಎಲ್ಲವೂ ಒಳಗೇ ಹೋಗುತ್ತಿತ್ತು.

ನಮ್ಮ ಆಸ್ಪತ್ರೆಯ ಮುಖ್ಯಸ್ಥರು ಡಾಕ್ಟರ್ ಪಾರ್ಶ್ವನಾಥ್. ಮಾತಿನಲ್ಲಿ ಮೃದು, ನಡಿಗೆಯಲ್ಲಿ ಚುರುಕು. ಯಾವ ಸಭೆಯಲ್ಲೂ ಛಾಯಾಚಿತ್ರಕ್ಕೆ ಸರಿಯಾದ ಜಾಗದಲ್ಲಿ ನಿಲ್ಲುವ ಚಾಕಚಕ್ಯತೆ ಅವರಿಗಿತ್ತು. ಆ ವರ್ಷ ಸುತ್ತಲಿನ ಊರುಗಳ ಹಲ್ಲಿನ ವೈದ್ಯರೆಲ್ಲ ಸೇರಿ, ಯಾರ ಊರಲ್ಲಿ ಯಾವ ಪದ್ಧತಿ ಚೆನ್ನಾಗಿ ನಡೆದಿದೆಯೋ ಅದನ್ನು ಉಳಿದವರೂ ಕಲಿಯಬೇಕೆಂದು ಗೊತ್ತುಮಾಡಿಕೊಂಡಿದ್ದರು. ನೆರೆಯೂರಿನ ಹಫೀಜ್ ಸಾಹೇಬರು ತಮ್ಮ ಶಾಲೆಗಳಲ್ಲಿ ವಾರಕ್ಕೊಮ್ಮೆ ಮಕ್ಕಳು ಫ್ಲೋರೈಡ್ ಔಷಧದಿಂದ ಬಾಯಿ ಮುಕ್ಕಳಿಸುವಂತೆ ಮಾಡಿ ಹುಳುಕನ್ನು ಬಹಳ ಮಟ್ಟಿಗೆ ಇಳಿಸಿದ್ದರು. ನಮ್ಮ ಡಾಕ್ಟರು ಅಲ್ಲಿಗೆ ಹೋಗಿ ಕೆನ್ನೆ ಉಬ್ಬಿಸಿದ ಮಕ್ಕಳ ಚಿತ್ರ ತೆಗೆದುಕೊಂಡು ಬಂದರು. ಔಷಧ ಎಷ್ಟು, ನೀರು ಎಷ್ಟು, ಬಾಯಲ್ಲಿ ಎಷ್ಟು ಹೊತ್ತು, ಎಲ್ಲ ಕೇಳಿಕೊಂಡು ಬಂದಿದ್ದರು. ಹಫೀಜ್ ಸಾಹೇಬರ ಶಾಲೆಗಳ ಹಿಂದೆ ಒಂದು ಉದ್ದನೆಯ ಸಿಮೆಂಟು ಕಾಲುವೆ ಇತ್ತು. ಮಕ್ಕಳು ಅದರ ದಂಡೆಯಲ್ಲಿ ನಿಂತು ಮುಕ್ಕಳಿಸಿ ಅದಕ್ಕೇ ಉಗುಳುತ್ತಿದ್ದರು. ಅದನ್ನು ಮಾತ್ರ ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬಾಯಿ ಮುಕ್ಕಳಿಸಿದವರು ಉಗುಳುತ್ತಾರೆ ಎಂಬುದನ್ನು ಹೇಳಬೇಕಾದೀತೆಂದು ಯಾರಿಗೆ ಹೊಳೆದೀತು?

ನಮ್ಮೂರಲ್ಲಿ ಮೊದಲು ಆ ಶಾಲೆಯನ್ನೇ ಆರಿಸಿದರು. ಮೊದಲನೆಯ ದಿನ ಮಕ್ಕಳಿಗೆ ಕಲಿಸಿದ್ದು ನಾನೇ. ನಾಲ್ಕು ಬಕೆಟ್ಟುಗಳನ್ನು ಇಡಿಸಿ, ನಾನು ಮಾಡಿದಂತೆಯೇ ಮಾಡಬೇಕು ಎಂದು ಎದುರು ನಿಂತು ಮುಕ್ಕಳಿಸಿ, ಬಕೆಟ್ಟಿಗೆ ಉಗುಳಿ ತೋರಿಸಿದೆ. ಮಕ್ಕಳು ಮೊದಲು ಕಾತ್ಯಾಯಿನಮ್ಮನ ಮುಖ ನೋಡಿದರು, ಆಮೇಲೆ ಉಗುಳಿದರು. ಮುಂದಿನ ಸೋಮವಾರದಿಂದ ಶಾಲೆಯವರೇ ಮಾಡಿಸಿಕೊಳ್ಳುತ್ತೇವೆ ಎಂದರು. ನಾನು ಬೇರೆ ಶಾಲೆಗಳತ್ತ ತಿರುಗಿದೆ.

ಆ ಮುಂದಿನ ಸೋಮವಾರವೇ ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳಿಗೆ ವಾಂತಿಯಾಯಿತು. ಸಣ್ಣ ತರಗತಿಯವರೇ ಹೆಚ್ಚು. ಅವರು ಅಂಗಳದಲ್ಲಿ ಕಕ್ಕಲಿಲ್ಲ. ಬಾಯಿಗೆ ಎರಡೂ ಕೈ ಒತ್ತಿಕೊಂಡು ಗೇಟಿನ ಹೊರಗೆ ಓಡಿ, ರಸ್ತೆಯ ಮಣ್ಣಿನಲ್ಲಿ ಕೂತು ಕಕ್ಕಿದರಂತೆ. ಅದನ್ನು ಕಂಡವರು ಯಾವುದೋ ಮೆಚ್ಚುಗೆಯ ದನಿಯಲ್ಲಿ ನನಗೆ ಹೇಳಿದರು.

ತಪ್ಪು ಅಡುಗೆಯ ಕೆಂಚಮ್ಮನ ತಲೆಗೆ ಬಂತು. ಅವಳು ಓಬಿಯ ಅಜ್ಜಿ. ಆ ಶಾಲೆಯ ಒಲೆಯ ಮುಂದೆಯೇ ಕೂದಲು ನರೆತವಳು. ಸಾರಿನ ಪಾತ್ರೆ ತೊಳೆದಿಲ್ಲ ಎಂದರು, ಬೇಳೆ ಮುಗ್ಗಿತ್ತು ಎಂದರು. ಸಂಜೆಯೊಳಗೆ ಅವಳನ್ನು ಮನೆಗೆ ಕಳಿಸಿ ಅಡುಗೆಮನೆಗೆ ಬೇರೆಯವಳನ್ನು ತಂದರು. ಮರುದಿನ ಬೀದಿಯ ನಲ್ಲಿಯ ಹತ್ತಿರ ಒಬ್ಬಳು ಅಂದದ್ದನ್ನು ನಾನೇ ಕೇಳಿಸಿಕೊಂಡೆ.

"ಏನವ್ವಾ ಕೆಂಚಿ, ಮೊಮ್ಮಗಳಿಗೂ ಅದೇ ಸಾರು ಉಂಡ್ಸಿದ್ಯಂತೆ? ಮನೆಯೋರು ಹೊರಗಿನೋರು ಅಂತ ಭೇದ ಇಲ್ಲ ಬಿಡು ನಿನಗೆ!"

ಸುತ್ತಲಿನವರು ನಕ್ಕರು. ಕೆಂಚಮ್ಮ ಬಿಂದಿಗೆಯನ್ನು ಅರ್ಧಕ್ಕೇ ಎತ್ತಿಕೊಂಡಳು. ನನ್ನನ್ನು ಕಂಡು ನಿಂತಳು.

"ಅಮ್ಮಾರೇ, ನೀವು ಓದಿದೋರು. ನೀವೇ ಹೇಳಿ. ನಾನೂ ಅದನ್ನೇ ಉಂಡಿದ್ದೆ. ನಂಗ್ಯಾಕೆ ಏನೂ ಆಗ್ಲಿಲ್ಲ?"

"ನಾನು ನೋಡ್ತೀನಿ ಕೆಂಚಮ್ಮ," ಎಂದೆ.

"ನೋಡಿ ತಾಯಿ. ಕೆಲಸ ಹೋದ್ರೆ ಹೋಗ್ಲಿ, ಇನ್ನೆಲ್ಲಾದ್ರೂ ಪಾತ್ರೆ ತೊಳೀತೀನಿ. ಮಕ್ಕಳಿಗೆ ವಿಸ ಇಕ್ಕಿದೋಳು ಅನ್ನೋ ಹೆಸರು ಹೊತ್ಕೊಂಡು ಈ ಬೀದೀಲಿ ಹೆಂಗೆ ತಿರುಗ್ಲಿ?"

ಅದರ ಮುಂದಿನ ಸೋಮವಾರ ಹೊಸ ಅಡುಗೆಯವಳು ಬಡಿಸಿದ ಊಟಕ್ಕೂ ಮಕ್ಕಳು ಕಕ್ಕಿದರು. ಆಗಲೂ ಯಾರೂ ನಿಂತು ಯೋಚಿಸಲಿಲ್ಲ. ಕೆಂಚಮ್ಮ ಬಿಟ್ಟುಹೋದ ಬೇಳೆಯನ್ನೇ ಬೇಯಿಸಿದ್ದರಿಂದ ಹೀಗಾಯಿತು ಎಂದರು ಕಾತ್ಯಾಯಿನಮ್ಮ. ಅಲ್ಲೇ ನನ್ನ ತಲೆಯಲ್ಲಿ ಒಂದು ಗೆರೆ ಇನ್ನೊಂದಕ್ಕೆ ಕೂಡಿತು. ಮಂಗಳವಾರ ಆಗದ್ದು, ಗುರುವಾರ ಆಗದ್ದು ಸೋಮವಾರವೇ ಏಕೆ ಆಗುತ್ತದೆ?

ಮತ್ತಿನ ಸೋಮವಾರ ಹೇಳದೆ ಕೇಳದೆ ಆ ಶಾಲೆಗೆ ಹೋದೆ. ಊಟಕ್ಕೆ ಸ್ವಲ್ಪ ಮೊದಲು ಮಕ್ಕಳು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಕೈಯಲ್ಲಿ ಪುಟ್ಟ ಲೋಟ. ಬಕೆಟ್ಟು ಎಲ್ಲಿಯೂ ಇರಲಿಲ್ಲ. ಗಂಟೆ ಬಾರಿಸಿತು. ಎಲ್ಲರೂ ಔಷಧವನ್ನು ಬಾಯಿಗೆ ಹಾಕಿಕೊಂಡು ಕೆನ್ನೆ ಕುಲುಕಿಸತೊಡಗಿದರು. ಎರಡನೆಯ ಗಂಟೆ ಬಾರಿಸಿತು. ಸಾಲಿನ ಉದ್ದಕ್ಕೂ ಎಳೆಯ ಗಂಟಲುಗಳು ಒಟ್ಟಿಗೆ ಮೇಲೆದ್ದು ಕೆಳಗಿಳಿದವು. ಆಮೇಲೆ ಮಕ್ಕಳು ಬಾಯಿ ತೆರೆದು, ಏನೂ ಉಳಿದಿಲ್ಲವೆಂದು ತೋರಿಸಿದರು.

ನಾನು ಅಂಗಳ ದಾಟಿ ಕಾತ್ಯಾಯಿನಮ್ಮನ ಬಳಿ ಹೋದೆ.

"ಬಕೆಟ್ ಎಲ್ಲಿ ಮೇಡಂ?"

"ಅಯ್ಯೋ, ಆ ಗಲೀಜು ಯಾರು ಬಳೀತಾರೆ? ಇಷ್ಟು ಮಕ್ಕಳ ಎಂಜಲು! ನನ್ನ ಅಂಗಳದಲ್ಲಿ ಇಡೋಕಾಗಲ್ಲಮ್ಮ."

"ಮಕ್ಕಳು ನುಂಗ್ತಿದ್ದಾರೆ."

"ಔಷಧ ತಾನೆ? ನುಂಗ್ದೆ ಇನ್ನೇನು ಮಾಡ್ತಾರೆ? ನಿಮ್ಮ ಡಾಕ್ಟರನ್ನ ಕೇಳಿಯೇ ಮಾಡಿದ್ದು. ಅವರ ಹತ್ರಾನೇ ಮಾತಾಡಿ."

ಅವರ ಹತ್ತಿರವೇ ಮಾತಾಡಿದೆ. ಡಾಕ್ಟರ್ ಪಾರ್ಶ್ವನಾಥ್ ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಶ್ಚರ್ಯಪಡಲಿಲ್ಲ. ಅದು ನನ್ನನ್ನು ಸುಟ್ಟಿತು.

"ನೋಡೀಮ್ಮಾ, ಹೆಡ್ಮಿಸ್ಸು ಕೇಳಿದಾಗ ನಾನೇ ಹೇಳ್ದೆ, ಒಂದು ಗುಟುಕು ಹೋದ್ರೆ ಪ್ರಾಣ ಏನೂ ಹೋಗಲ್ಲ ಅಂತ. ಸ್ವಲ್ಪ ಹೊಟ್ಟೆ ತೊಳಸುತ್ತೆ, ಕಕ್ಕಿಕೊಂಡ್ರೆ ಸರಿಹೋಗುತ್ತೆ."

"ಹಾಗಾದ್ರೆ ನಿಮಗೆ ಗೊತ್ತಿತ್ತು. ಕೆಂಚಮ್ಮನ ಅಡುಗೆಯಿಂದ ಅಲ್ಲ ಅಂತ ಗೊತ್ತಿತ್ತು."

"ಯಾರು ಕೆಂಚಮ್ಮ?"

ನಿಜವಾಗಿಯೂ ಕೇಳಿದರು. ನಾನು ಹೇಳಿದೆ. ಅವರು ಕೈ ಬೀಸಿದರು.

"ಅಡುಗೆಯವರಿಗೇನು, ನಾಳೆ ಮತ್ತೆ ಕರೆದ್ರಾಯ್ತು. ಬರೋ ಸೋಮವಾರ ಎಲ್ಲಾ ಊರಿನ ಡಾಕ್ಟರುಗಳೂ ಬರ್ತಿದ್ದಾರೆ, ನಮ್ಮ ಶಾಲೆ ನೋಡೋಕೆ. ಹಫೀಜ್ ಸಾಹೇಬರ ಪದ್ಧತಿಯನ್ನ ನಾವು ಅವರಿಗಿಂತ ಚೆನ್ನಾಗಿ ನಡೆಸಿದ್ದೀವಿ ಅಂತ ತೋರಿಸ್ಬೇಕು. ಈಗ ರಾದ್ಧಾಂತ ಮಾಡಿದ್ರೆ ಇಡೀ ಕಾರ್ಯಕ್ರಮಾನೇ ನಿಂತುಹೋಗುತ್ತೆ. ಅದರಿಂದ ಮಕ್ಕಳಿಗೇ ನಷ್ಟ, ಅಲ್ವಾ?"

ಮಕ್ಕಳಿಗೇ ನಷ್ಟ. ಈ ಮಾತನ್ನು ಅವರು ಎಷ್ಟು ಹಗುರವಾಗಿ ಎತ್ತಿ ನನ್ನ ಮುಂದಿಟ್ಟರೆಂದರೆ, ಅದನ್ನೆತ್ತಿ ಅವರ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಷರತ್ತು ಹಾಕಿದೆ. ಆ ದಿನ ಮಕ್ಕಳ ಲೋಟದಲ್ಲಿ ಬರಿಯ ನೀರಿರಬೇಕು. ಅತಿಥಿಗಳು ಹೋದ ಮರುದಿನವೇ ಬಕೆಟ್ಟು ಬರಬೇಕು, ಕೆಂಚಮ್ಮ ಮತ್ತೆ ಅಡುಗೆಮನೆಗೆ ಬರಬೇಕು, ಅವಳ ತಪ್ಪಿಲ್ಲವೆಂದು ಶಾಲೆಯೇ ಹೇಳಬೇಕು.

"ಆಯ್ತು ತಾಯಿ, ಆಯ್ತು," ಎಂದು ನಕ್ಕರು. "ಬರೀ ನೀರು. ಆದ್ರೆ ಮಕ್ಕಳ ಮುಂದೆ ನಿಂತು ಮಾಡಿ ತೋರಿಸೋದು ನೀವೇ. ನಿಮ್ಮನ್ನ ನೋಡಿಯೇ ಅವು ಮಾಡೋದು."

ಒಪ್ಪಿದೆ. ಕೆಂಚಮ್ಮನ ಮನೆಗೆ ಹೋಗಿ ಇನ್ನೊಂದು ವಾರ ತಡೆದುಕೋ ಎಂದು ಹೇಳಿದೆ. ಅವಳು ಬಾಗಿಲಲ್ಲಿ ಕೂತು ಓಬಿಯ ತಲೆ ಬಾಚುತ್ತಿದ್ದಳು. "ನೀವು ಹೇಳಿದ್ರೆ ಸರಿ ಅಮ್ಮಾರೇ," ಎಂದಳಷ್ಟೆ.

ಆ ಸೋಮವಾರ ಅಂಗಳವನ್ನು ಬೆಳಗಿನಿಂದ ಮೂರು ಸಲ ತೊಳೆದಿದ್ದರು. ಜಗಲಿಯ ಮೇಲೆ ಕುರ್ಚಿಗಳು, ಹೂವಿನ ಹಾರ, ಶಾಲು. ಡಾಕ್ಟರ್ ಪಾರ್ಶ್ವನಾಥ್ ಸರಿಯಾದ ಜಾಗದಲ್ಲಿ ನಿಂತಿದ್ದರು. ಪಕ್ಕದ ಕುರ್ಚಿಯಲ್ಲಿ ಬಿಳಿ ಗಡ್ಡದ ಹಫೀಜ್ ಸಾಹೇಬರು. ಗೇಟಿನ ಸರಳುಗಳ ಆಚೆ, ಸೆರಗನ್ನು ಬಿಗಿಯಾಗಿ ಹೊದ್ದು ಕೆಂಚಮ್ಮ ನಿಂತಿದ್ದಳು. ಅವಳನ್ನು ಯಾರೂ ಒಳಗೆ ಕರೆದಿರಲಿಲ್ಲ. ನನ್ನೆದುರು ಮಕ್ಕಳ ಸಾಲುಗಳು. ಮೊದಲ ಸಾಲಿನ ತುದಿಯಲ್ಲಿ ಓಬಿ. ಎಲ್ಲರ ಕೈಯಲ್ಲೂ ಲೋಟ, ನನ್ನ ಕೈಯಲ್ಲೂ.

ಮೊದಲ ಗಂಟೆ ಬಾರಿಸಿತು. ಲೋಟವನ್ನು ತುಟಿಗಿಟ್ಟೆ.

ಅದು ನೀರಾಗಿರಲಿಲ್ಲ.

ನಾಲಗೆಗೆ ಮೊದಲು ಪುದೀನದ ತಂಪು, ಹಿಂದೆಯೇ ತೆಳುವಾದ ಉಪ್ಪಿನ ರುಚಿ. ಆ ರುಚಿ ನನಗೆ ಚೆನ್ನಾಗಿ ಗೊತ್ತಿತ್ತು. ತಲೆಯೆತ್ತಿ ಡಾಕ್ಟರರನ್ನು ನೋಡಿದೆ. ಅವರ ನೋಟ ನನ್ನನ್ನು ಸೋಕಿ, ಸರಿದು, ಛಾಯಾಗ್ರಾಹಕನ ಕಡೆ ಹೋಯಿತು. ಮರೆತಿದ್ದರೋ, ನೀರು ತುಂಬಿಸುವಂತೆ ಯಾರಿಗಾದರೂ ಹೇಳುವ ತೊಂದರೆಯೇ ಬೇಡವೆಂದುಕೊಂಡಿದ್ದರೋ, ನನಗೆ ಇಂದಿಗೂ ತಿಳಿಯದು. ತಿಳಿದರೂ ವ್ಯತ್ಯಾಸವೇನೂ ಇಲ್ಲ. ಎದುರಿಗೆ ಮಕ್ಕಳು ಕೆನ್ನೆ ಉಬ್ಬಿಸಿ, ನನ್ನ ಮೇಲೆ ಕಣ್ಣಿಟ್ಟು, ನಾನು ಕುಲುಕಿಸಿದಂತೆ ಕುಲುಕಿಸುತ್ತಿದ್ದರು. ನಾನು ಕೊಟ್ಟ ಮಾತಿನ ಮೇಲೆ ಆ ಮುದುಕಿ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದಳು. ಕೂಗಿ ಹೇಳೋಣವೆಂದರೆ ನನ್ನ ಬಾಯಿ ತುಂಬಿತ್ತು.

ಜಗಲಿಯ ಮೇಲೆ ಶಾಲು ಹೊದ್ದ ಅತಿಥಿಯೊಬ್ಬರು ಗಟ್ಟಿಯಾಗಿ ಹೇಳಿದ್ದು ಕೇಳಿಸಿತು. "ಎಂಥಾ ಶಿಸ್ತು ನೋಡಿ! ಕೆಳಗೆ ಒಂದು ತೊಟ್ಟು ಬಿದ್ದಿಲ್ಲ. ನಮ್ಮೂರಲ್ಲೂ ಹೀಗೇ ಮಾಡಿಸ್ಬೇಕು. ಇದನ್ನೇ ಬರ್ಕೊಳ್ಳಿ."

ಬರೆದುಕೊಳ್ಳುತ್ತಿದ್ದರು. ಇಲ್ಲಿಂದ ಅವರವರ ಊರಿಗೆ ಇದೇ ಹೋಗುವುದು ಎಂದು ನನಗೆ ಆಗ ಕಂಡಿತು. ಈ ಗಂಟೆ, ಈ ಸಾಲು, ಈ ನುಂಗುವುದು. ಅಲ್ಲೆಲ್ಲ ಮಕ್ಕಳು ಕಕ್ಕುತ್ತಾರೆ; ಅಲ್ಲೆಲ್ಲ ಒಬ್ಬೊಬ್ಬ ಕೆಂಚಮ್ಮ ಇದ್ದೇ ಇರುತ್ತಾಳೆ. ಅಷ್ಟು ಜನರಲ್ಲಿ ಹಫೀಜ್ ಸಾಹೇಬರೊಬ್ಬರು ಕುರ್ಚಿಯಿಂದ ಅರ್ಧ ಎದ್ದು, ಮಕ್ಕಳ ಹಿಂದೆ, ಗೋಡೆಯ ಬುಡದಲ್ಲಿ, ಅಂಗಳದ ಅಂಚಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಕಾಲುವೆಯನ್ನು ಹುಡುಕುತ್ತಿದ್ದರು.

ಕಾತ್ಯಾಯಿನಮ್ಮ ಎರಡನೆಯ ಗಂಟೆಗೆ ಕೈಯೆತ್ತಿದರು. ನಾನು ಒಂದು ಹೆಜ್ಜೆ ಮುಂದೆ ಬಂದು, ಆ ಹೊಳೆಯುವ ಕಲ್ಲಿನ ನಟ್ಟನಡುವೆ ಉಗುಳಿದೆ.

ಆ ಸದ್ದು ಅಷ್ಟು ದೊಡ್ಡದಾಗಿರುತ್ತದೆಂದು ತಿಳಿದಿರಲಿಲ್ಲ. ಜೀವಮಾನದಲ್ಲಿ ನಾನು ಬೀದಿಯಲ್ಲಿಯೂ ಉಗುಳಿದವಳಲ್ಲ. ಜಗಲಿಯ ಮೇಲೆ ಯಾರದೋ ಕುರ್ಚಿ ಕರಕರ ಎಂದಿತು. ಕಾತ್ಯಾಯಿನಮ್ಮನ ಕೈ ಗಂಟೆಯ ಹಗ್ಗದಲ್ಲೇ ನಿಂತಿತು. ಮಕ್ಕಳು ಕಲ್ಲಿನ ಮೇಲಿನ ಹನಿಯನ್ನೂ ನನ್ನನ್ನೂ ನೋಡಿದರು. ನಾನು ಮಾಡಿದಂತೆಯೇ ಮಾಡಬೇಕೆಂದು ಅವರಿಗೆ ಕಲಿಸಿದ್ದೆವು. ಮೊದಲು ಉಗುಳಿದವಳು ಓಬಿ. ಅವಳ ಪಕ್ಕದವನು, ಅವನ ಪಕ್ಕದವಳು, ಆಮೇಲೆ ಸಾಲಿಗೆ ಸಾಲೇ ಮುಂದೆ ಬಾಗಿತು. ಮುಗಿಲು ತುಂತುರು ಉದುರಿಸಿದಂತೆ ಕರಿಗಲ್ಲಿನ ಮೇಲೆ ಪಟಪಟನೆ ಸದ್ದಾಯಿತು.

"ಏನ್ರೀ ಇದು! ಬುದ್ಧಿ ಇದೆಯೇನ್ರೀ ನಿಮಗೆ?" ಕಾತ್ಯಾಯಿನಮ್ಮ ಕಿರುಚಿದರು.

ಈಗ ನನ್ನ ಬಾಯಿ ಖಾಲಿಯಾಗಿತ್ತು. ಮಗುಚಿ ನೋಡಲು ಒಳಗೆ ಯಾವ ಮಾತೂ ಉಳಿದಿರಲಿಲ್ಲ; ಎಲ್ಲವೂ ಹೊರಗೇ ಬಂತು.

"ಇದನ್ನ ಉಗುಳಬೇಕು! ನುಂಗೋಕಲ್ಲ ಇರೋದು. ನಿಮ್ಮ ಕಲ್ಲು ಹೊಳೀಬೇಕು ಅಂತ ಈ ಮಕ್ಕಳ ಹೊಟ್ಟೆಗೆ ಇಳಿಸ್ತಿದ್ದೀರಿ. ಮೊದಲನೇ ಸಲ ಕಕ್ಕಿದ್ದೂ ಇದಕ್ಕೇ, ಎರಡನೇ ಸಲ ಕಕ್ಕಿದ್ದೂ ಇದಕ್ಕೇ. ಡಾಕ್ಟರಿಗೆ ಗೊತ್ತಿತ್ತು. ಕೆಂಚಮ್ಮನ ಸಾರಿನಲ್ಲಿ ಏನೂ ಇರ್ಲಿಲ್ಲ. ಕೇಳಿಸ್ತಾ? ಗೇಟಿನ ಹತ್ರ ನಿಂತಿದ್ದಾಳೆ ನೋಡಿ, ಅವಳ ಸಾರಿನಲ್ಲಿ ಏನೂ ಇರ್ಲಿಲ್ಲ!"

ಡಾಕ್ಟರ್ ಪಾರ್ಶ್ವನಾಥ್ ಮೃದುವಾಗಿಯೇ ಹೇಳಿದರು, "ಮೇಡಂಗೆ ಸ್ವಲ್ಪ ಹುಷಾರಿಲ್ಲ. ಯಾರಾದ್ರೂ ಒಳಗೆ ಕರ್ಕೊಂಡು ಹೋಗಿ."

ಹಫೀಜ್ ಸಾಹೇಬರು ಜಗಲಿಯಿಂದ ಇಳಿದು ಬಂದಿದ್ದರು. ಓಬಿಯ ಲೋಟವನ್ನು ತೆಗೆದುಕೊಂಡು ಮೂಸಿದರು. ತಳದಲ್ಲಿ ಉಳಿದಿದ್ದ ಹನಿಯನ್ನು ಬೆರಳಿಗೆ ತಾಕಿಸಿ ನಾಲಗೆಗಿಟ್ಟರು.

"ಪಾರ್ಶ್ವನಾಥ್," ಎಂದರು. "ಇದನ್ನ ನುಂಗಿಸಿದ್ರೇನ್ರೀ? ನನ್ನ ಹೆಸರು ಹೇಳಿ ಇದನ್ನ ನುಂಗಿಸಿದ್ರಾ?"

ಅವರು ಮಕ್ಕಳ ಕಡೆ ತಿರುಗಿ, "ಉಗುಳ್ರಪ್ಪಾ, ಇನ್ನೂ ಯಾರ ಬಾಯಲ್ಲಿದೆ? ಉಗುಳಿಬಿಡಿ. ಎಲ್ಲಿ ಬೇಕಾದ್ರೂ ಉಗುಳಿ," ಎಂದರು. ಬರೆದುಕೊಳ್ಳುತ್ತಿದ್ದವರ ಕೈ ಆಗಲೇ ನಿಂತಿತ್ತು.

ಮುಂದೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ನನ್ನನ್ನು ಅಲ್ಲಿಂದ ಎತ್ತಿ, ಔಷಧದ ಉಗ್ರಾಣವೊಂದರಲ್ಲಿ ಕೂರಿಸಿದರು. ಅಲ್ಲಿ ಮಕ್ಕಳ ಮುಖವೇ ಕಾಣುತ್ತಿರಲಿಲ್ಲ. ಡಾಕ್ಟರ್ ಪಾರ್ಶ್ವನಾಥ್ ದೊಡ್ಡ ಊರಿಗೆ ಹೋದರು, ದೊಡ್ಡ ಕುರ್ಚಿಗೇ ಹೋದರು. ಶಾಲೆಯ ಹಿಂದೆ ಹಫೀಜ್ ಸಾಹೇಬರು ತಾವೇ ನಿಂತು ಕಾಲುವೆ ಕಟ್ಟಿಸಿದರು. ಆಮೇಲೆ ಬೇರೆ ಊರುಗಳಿಗೆ ಪದ್ಧತಿಯನ್ನು ಕಲಿಸಲು ಹೋದಾಗಲೆಲ್ಲ ಅವರು ಮೊದಲು ಕೇಳುತ್ತಿದ್ದುದು, "ನಿಮ್ಮ ಮಕ್ಕಳು ಎಲ್ಲಿ ಉಗುಳ್ತಾರೆ, ಅದನ್ನ ತೋರಿಸಿ," ಎಂದೇ ಅಂತೆ. ಕೆಂಚಮ್ಮ ಅಡುಗೆಮನೆಗೆ ಹಿಂತಿರುಗಿದಳು. ಅವಳ ತಪ್ಪಿಲ್ಲವೆಂದು ಶಾಲೆ ಎಂದೂ ಹೇಳಲಿಲ್ಲ. "ಬಾ ಅಂದ್ರು, ಬಂದೆ. ತಪ್ಪಾಯ್ತು ಅನ್ನೋಕೆ ಅವರಿಗೆ ನಾಲಗೆ ತಿರುಗಲ್ಲ ಬಿಡಿ ಅಮ್ಮಾರೇ," ಎಂದಿದ್ದಳು. ನಕ್ಕೇ ಹೇಳಿದ್ದಳು. ನನಗೆ ಮಾತ್ರ ನಗು ಬರಲಿಲ್ಲ.

ಆದರೆ ನನ್ನ ಕಣ್ಣಿನಲ್ಲಿ ಉಳಿದಿರುವುದು ಅದಾವುದೂ ಅಲ್ಲ. ಆ ದಿನ ಅತಿಥಿಗಳು ಶಾಲುಗಳನ್ನು ಮಡಿಸಿಕೊಂಡು ಹೋದ ಮೇಲೆ, ಜವಾನನೊಬ್ಬ ಒದ್ದೆ ಬಟ್ಟೆ ಹಿಡಿದು ಅಂಗಳಕ್ಕೆ ಓಡಿ ಬಂದ. ಓಬಿ ಅವನನ್ನು ಕಂಡದ್ದೇ ತನ್ನ ಲಂಗದ ಅಂಚನ್ನು ಹಿಡಿದುಕೊಂಡು ಕಲ್ಲಿನ ಮೇಲೆ ಮಂಡಿಯೂರಿದಳು. ಕೆಂಚಮ್ಮ ಗೇಟು ತಳ್ಳಿ ಒಳಗೆ ಬಂದಳು. ಬಂದು ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಜವಾನನಿಗೂ ಕೈ ಅಡ್ಡ ಹಿಡಿದಳು.

"ಒರೆಸ್ಬ್ಯಾಡ ಕಣಪ್ಪಾ. ಬಿಡು, ಅದೇ ಆರ್ಲಿ."

ಅವನು ಬಟ್ಟೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡ. ಓಬಿ ಅಜ್ಜಿಯ ಸೆರಗಿಗೆ ಒರಗಿ, ಹಲ್ಲು ಬಿದ್ದ ಸಂದಿಯಲ್ಲಿ ನಾಲಗೆಯಾಡಿಸುತ್ತ, ಕಲ್ಲಿನ ಮೇಲಿನ ಹನಿಗಳಲ್ಲಿ ತನ್ನದು ಯಾವುದೆಂದು ಹುಡುಕುತ್ತಿದ್ದಳು. ಮುಖ ಕಾಣುತ್ತಿದ್ದ ಆ ಕಲ್ಲಿನಲ್ಲಿ ಈಗ ಯಾರ ಮುಖವೂ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹನಿಗಳು ಒಂದೊಂದಾಗಿ ಆರುತ್ತ, ಆರಿದ ಕಡೆಯಲ್ಲೆಲ್ಲ ಬಿಳಿಯ ಸಣ್ಣ ಉಂಗುರವೊಂದನ್ನು ಬಿಡುತ್ತಿದ್ದವು.